ಹಿಮದ ನಾಡಿಗೆ ಸಾಲವಿಲ್ಲದ ಗಾಡಿ

ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದ ಉತ್ತರಭಾಗದಲ್ಲಿ ನೆಲೆಸಿರುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಭಾನುವಾರದ ಬೆಳಿಗ್ಗೆ ದೂರವಾಣಿಯಲ್ಲಿ ಊಟ ತಿಂಡಿ, ಮೊಮ್ಮಕ್ಕಳ ಕೆಮ್ಮು ನೆಗಡಿ, ಹಬ್ಬದ ಅಡಿಗೆ ಮೊದಲಾದ ವಿಷಯಗಳೆಲ್ಲ ಮುಗಿದ ಮೇಲೆ, ಹೊಸದಾಗಿ ಹೋದ ಮಕ್ಕಳಾಗಿದ್ದರೆ, ಆಶ್ವಯುಜ ಕಾರ್ತಿಕಗಳ ಹೊತ್ತಿಗೆ ಒಂದು ಪ್ರಶ್ನೆಯು ತಪ್ಪದೆ ಬರುತ್ತದೆ: "ಚಳಿಗಾಲ ಬರ್ತಾ ಇದೆ, ಕಾರು ತಗೋಬೇಕು, ಎಂಥದ್ದು ತಗೊಳ್ಳೋಣ?" ಇಲ್ಲಿಯ ತಂದೆತಾಯಿಗಳು ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡವರು. ಮಕ್ಕಳಿಗೆ ಅಪಾಯವಾಗಬಾರದೆಂಬ ಒಂದೇ ಆತಂಕದಿಂದ, "ದೊಡ್ಡದೇ ತಗೊಳ್ಳಿ, ದುಡ್ಡಿನ ಮುಖ ನೋಡಬೇಡಿ" ಎಂದುಬಿಡುತ್ತಾರೆ. ಆ ಮಾತಿನಲ್ಲಿ ವಾತ್ಸಲ್ಯವುಂಟು. ಆದರೆ ಅನೇಕ ವೇಳೆ ಏಳು ವರ್ಷಗಳ ಸಾಲವೂ ಅದರಲ್ಲಿಯೇ ಅಡಗಿರುತ್ತದೆ. ಹಿಮದ ಮೇಲೆ ಗಾಡಿಯು ಹೇಗೆ ನಡೆಯುತ್ತದೆ, ಅದಕ್ಕೆ ನಿಜವಾಗಿ ಬೇಕಾದುದೇನು, ಬೇಡವಾದುದೇನು ಎಂಬುದನ್ನು ಇಲ್ಲಿರುವ ಹಿರಿಯರೂ ಸ್ವಲ್ಪ ತಿಳಿದಿದ್ದರೆ ಉತ್ತರ ಕೊಡುವುದು ಸುಲಭವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ದೃಷ್ಟಾಂತಕ್ಕಾಗಿ ಮಿನೆಸೋಟ ಸಂಸ್ಥಾನವನ್ನು ತೆಗೆದುಕೊಳ್ಳುತ್ತೇನೆ. 2022ರ ಅಕ್ಟೋಬರಿನಿಂದ ಮರುವರ್ಷದ ಮಾರ್ಚಿಯವರೆಗೆ ಅಲ್ಲಿಯ ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ ಮಗಳ ಮನೆಯಲ್ಲಿ ಇದ್ದೆನಾದುದರಿಂದ, ಆ ಸೀಮೆಯ ಚಳಿಯನ್ನು ಕುರಿತು ಕೇಳಿ ಹೇಳಬೇಕಾದ ಅಗತ್ಯವಿಲ್ಲ. ಜನವರಿ ತಿಂಗಳ ರಾತ್ರಿಗಳಲ್ಲಿ ಅಲ್ಲಿ ಶಾಖವು ಸರಾಸರಿಯಾಗಿ ಸೊನ್ನೆಗಿಂತ 13 ಡಿಗ್ರಿ ಕೆಳಗಿರುತ್ತದೆ. ಇದು ಸರಾಸರಿಯ ಮಾತು. 2019ನೆಯ ಜನವರಿ 30ರಂದು ಆ ನಗರದಲ್ಲಿಯೇ ಸೊನ್ನೆಗಿಂತ 33 ಡಿಗ್ರಿ ಕೆಳಗೆ ಇಳಿದಿತ್ತು; ಸಂಸ್ಥಾನದ ಉತ್ತರದ ತುದಿಯಲ್ಲಿರುವ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿಯಲ್ಲಿ 51 ಡಿಗ್ರಿ ಕೆಳಗೆ ಇಳಿದುದು ಆ ಸಂಸ್ಥಾನದ ದಾಖಲೆಯಾಗಿದೆ. ನಾನಿದ್ದ ವರ್ಷ ಬಿದ್ದ ಹಿಮವನ್ನೆಲ್ಲ ಕೂಡಿಸಿದರೆ ಸುಮಾರು 90 ಅಂಗುಲ, ಎಂದರೆ ಆಳಿಗಿಂತ ಎತ್ತರ.

ಇಂಥಲ್ಲಿ "ಕಾರೇ ಬೇಡ, ಬಸ್ಸಿನಲ್ಲಿ ಹೋಗಿ" ಎಂದು ಹೇಳುವುದು ಸುಲಭ. ನಗರದ ನಡುವೆ ವಾಸಿಸುವವರಿಗೆ ಅದು ಸಾಧ್ಯವೂ ಹೌದು. ಅವರು ಹಾಗೆಯೇ ಮಾಡತಕ್ಕದ್ದು. ಆದರೆ ನಮ್ಮವರು ಬಹುಮಟ್ಟಿಗೆ ಇರುವುದು ಹೊರವಲಯಗಳಲ್ಲಿ. ಅಲ್ಲಿ ಬಸ್ಸುಗಳು ವಿರಳ. ಕಚೇರಿಯು ಹದಿನೈದು ಮೈಲಿ, ಅಂಗಡಿಯು ಮೂರು ಮೈಲಿ, ಮಗುವಿನ ವೈದ್ಯರು ಆರು ಮೈಲಿ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿಯಲ್ಲಿ ಬಸ್ಸಿಗಾಗಿ ಅರ್ಧ ಗಂಟೆ ಕೂಸನ್ನೆತ್ತಿಕೊಂಡು ನಿಲ್ಲೆಂದು ಯಾವ ತಾಯಿಗೂ ಹೇಳಲಾಗದು. ಆದುದರಿಂದ ಅಲ್ಲಿ ಗಾಡಿಯು ವೈಭವದ ವಸ್ತುವಲ್ಲ, ನಮ್ಮಲ್ಲಿ ನೀರಿನ ಬಾವಿ ಹೇಗೋ ಹಾಗೆ. ಎಂಥ ಗಾಡಿ, ಯಾವ ಹಣದಿಂದ ಎಂಬುದಷ್ಟೇ ವಿಚಾರಿಸಬೇಕಾದ ವಿಷಯ.

ಮಹಾಭಾರತದ ವನಪರ್ವದಲ್ಲಿ ಯಕ್ಷನು ಧರ್ಮರಾಜನನ್ನು ಸಂತೋಷದಿಂದಿರುವವನು ಯಾರೆಂದು ಕೇಳುತ್ತಾನೆ. ಹೊತ್ತು ಮೀರಿದ ಮೇಲಾದರೂ ತನ್ನ ಮನೆಯಲ್ಲಿ ಸೊಪ್ಪನ್ನಾದರೂ ಬೇಯಿಸಿಕೊಂಡು ಉಣ್ಣುವವನು, ಸಾಲವಿಲ್ಲದವನು, ಪರಸ್ಥಳದಲ್ಲಿ ಇರದವನು ಎಂಬುದು ಅವನ ಉತ್ತರದ ತಾತ್ಪರ್ಯ. ಋಣವಿಲ್ಲದಿರುವುದನ್ನೂ ಪ್ರವಾಸವಿಲ್ಲದಿರುವುದನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ನಮ್ಮ ಮಕ್ಕಳು ಎರಡನೆಯದನ್ನು ಆಗಲೇ ಬಿಟ್ಟುಕೊಟ್ಟಿದ್ದಾರೆ. ಹೋದ ಮೊದಲ ವರ್ಷದಲ್ಲಿಯೇ ಮೊದಲನೆಯದನ್ನೂ ಬಿಟ್ಟುಕೊಡುವುದು ಯಾತಕ್ಕೆಂದು ಆ ಹಿಮವನ್ನು ನೋಡುತ್ತ ನನಗೆ ಅನೇಕ ಸಲ ತೋರಿದ್ದುಂಟು.

ಈಗ ಪ್ರಕೃತ ವಿಷಯಕ್ಕೆ ಬರೋಣ. ಹಿಮದಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹೋಗತಕ್ಕ ದೊಡ್ಡ ಗಾಡಿಯೇ ಬೇಕು ಎಂಬ ನಂಬಿಕೆಯು ಇಲ್ಲಿಯವರಲ್ಲಿ ಮಾತ್ರವಲ್ಲ, ಅಲ್ಲಿಯವರಲ್ಲಿಯೂ ಬಲವಾಗಿದೆ. ಇದರಲ್ಲಿ ಅರ್ಧ ಸತ್ಯವುಂಟು. ನಾಲ್ಕು ಚಕ್ರಗಳೂ ಎಳೆಯುವಾಗ ಗಾಡಿಯು ನಿಂತಲ್ಲಿಂದ ಸಲೀಸಾಗಿ ಹೊರಡುತ್ತದೆ, ಏರನ್ನು ಹತ್ತುತ್ತದೆ. ಆದರೆ ನಿಲ್ಲಿಸುವುದಕ್ಕೆ ಆ ಏರ್ಪಾಡಿನಿಂದ ಕಿಂಚಿತ್ತೂ ಸಹಾಯವಿಲ್ಲ. ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ; ಚಕ್ರವನ್ನು ನೆಲವು ಹಿಡಿದರೆ ಗಾಡಿ ನಿಲ್ಲುತ್ತದೆ, ಹಿಡಿಯದಿದ್ದರೆ ಎಷ್ಟು ಬೆಲೆಯ ಗಾಡಿಯಾದರೂ ಜಾರುತ್ತದೆ. ನೆಲವನ್ನು ಹಿಡಿಯುವ ವಸ್ತುವೆಂದರೆ ಟೈರು. ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗವು ಹೆಚ್ಚುಕಡಿಮೆ ಅಂಗೈಯಗಲ. ಇಡೀ ಸಂಸಾರವು ಆ ನಾಲ್ಕು ಅಂಗೈಗಳ ಮೇಲೆ ಕುಳಿತು ಹೋಗುತ್ತದೆ ಎಂಬುದನ್ನು ಮರೆಯಬಾರದು.

ಸಾಮಾನ್ಯ ಟೈರಿನ ರಬ್ಬರು ಶಾಖವು 7 ಡಿಗ್ರಿಗಿಂತ ಕೆಳಗಿಳಿದಂತೆಲ್ಲ ಗಡಸಾಗುತ್ತ ಹೋಗುತ್ತದೆ. ಗಡಸಾದ ರಬ್ಬರು ನೆಲದ ಸಣ್ಣ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳಲಾರದೆ ಜಾರುತ್ತದೆ. ಚಳಿಗಾಲದ ಟೈರನ್ನು ಕಡು ಚಳಿಯಲ್ಲಿಯೂ ಮೆದುವಾಗಿ ಉಳಿಯುವ ಬೇರೆ ಪಾಕದ ರಬ್ಬರಿನಿಂದ ಮಾಡಿರುತ್ತಾರೆ. ಅದರ ಮೈಮೇಲೆ ಹಿಮವನ್ನು ಕಚ್ಚುವುದಕ್ಕೆಂದು ಕೂದಲೆಳೆಯಂಥ ಅಸಂಖ್ಯಾತ ಸೀಳುಗಳಿರುತ್ತವೆ. ಈ ವಿದ್ಯೆಯು ಹುಟ್ಟಿದುದು ಫಿನ್ಲೆಂಡ್ ದೇಶದಲ್ಲಿ. ಅಲ್ಲಿಯ ನೋಕಿಯ ಎಂಬ ಊರಿನ ರಬ್ಬರು ಕಾರ್ಖಾನೆಯವರು 1934ರಲ್ಲಿ, ಹಿಮ ತುಂಬಿದ ರಸ್ತೆಗಳಲ್ಲಿ ಸರಕು ಸಾಗಿಸುವ ಲಾರಿಗಳಿಗಾಗಿ, ಜಗತ್ತಿನ ಮೊದಲ ಚಳಿಗಾಲದ ಟೈರನ್ನು ಮಾಡಿದರು. ಎರಡು ವರ್ಷಗಳ ಮೇಲೆ ಕಾರುಗಳಿಗೂ ಮಾಡಿದರು. ಮುಂದೆ ಕೈಫೋನುಗಳಿಂದ ನಮ್ಮ ಮನೆಮನೆಗೂ ಪರಿಚಿತವಾದ ಹೆಸರು ಇದೇ ಊರಿನದು. ಈಗಿನ ಟೈರುಗಳಲ್ಲಿ ಮೂರು ಶಿಖರಗಳ ಬೆಟ್ಟವೂ ಅದರೊಳಗೆ ಹಿಮದ ಹರಳೂ ಇರುವ ಮುದ್ರೆಯನ್ನು ಒತ್ತಿರುತ್ತಾರೆ. ಆ ಮುದ್ರೆಯುಳ್ಳ ಟೈರು ಹಿಮದ ಮೇಲಿನ ಹಿಡಿತದ ಪರೀಕ್ಷೆಯಲ್ಲಿ ತೇರ್ಗಡೆಯಾದುದೆಂದು ತಿಳಿಯಬೇಕು. "ಎಲ್ಲ ಕಾಲಕ್ಕೂ" ಎಂದು ಮಾತ್ರ ಬರೆದಿರುವ ಟೈರಿಗೂ ಇದಕ್ಕೂ ಬಹಳ ವ್ಯತ್ಯಾಸವುಂಟು.

ಕೆನಡದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚಿ 15ರವರೆಗೆ ಇಂಥ ಟೈರುಗಳು ಕಾನೂನಿನಿಂದಲೇ ಕಡ್ಡಾಯ. ಮಿನೆಸೋಟದಲ್ಲಿ ಹಾಗೆ ಕಡ್ಡಾಯವಿಲ್ಲ. ಕಡ್ಡಾಯವಿಲ್ಲದ ಕಾರಣದಿಂದಲೇ ಜನರು ಇದನ್ನು ಅಲಕ್ಷ್ಯ ಮಾಡಿ, ಟೈರಿನಿಂದ ಆಗಬೇಕಾದ ಕೆಲಸವನ್ನು ಗಾಡಿಯ ಗಾತ್ರದಿಂದ ಮಾಡಿಸಲು ನೋಡುತ್ತಾರೆ. ಸಣ್ಣ ಕಾರಿಗೆ ನಾಲ್ಕು ಚಳಿಗಾಲದ ಟೈರುಗಳಿಗೆ ನಾನಿದ್ದಾಗ ಹಾಕುವ ಕೂಲಿಯೂ ಸೇರಿ 800 ಡಾಲರುಗಳ ಆಸುಪಾಸು ಆಗುತ್ತಿತ್ತು. ಉಳಿತಾಯಕ್ಕೆಂದು ಎರಡನ್ನು ಮಾತ್ರ ಹಾಕಿಸುವುದು ಸರ್ವಥಾ ಕೂಡದು: ಮುಂದಿನ ಚಕ್ರಗಳು ಹಿಡಿದು ಹಿಂದಿನವು ಜಾರಿದರೆ ಗಾಡಿಯು ಬುಗುರಿಯಂತೆ ತಿರುಗಿಬಿಡುತ್ತದೆ. ಮೊಳೆ ಬಡಿದ ಟೈರುಗಳೂ ಕೆಲವು ನಾಡುಗಳಲ್ಲಿ ಉಂಟಷ್ಟೆ. ಅವು ರಸ್ತೆಯನ್ನು ಉತ್ತುಹಾಕುತ್ತವೆಂದು ಮಿನೆಸೋಟದ ನಿವಾಸಿಗಳಿಗೆ ನಿಷಿದ್ಧವಾಗಿವೆ.

ಸಣ್ಣ ಗಾಡಿಯು ಹಿಮಕ್ಕೆ ಆಗದೆಂಬುದಕ್ಕೆ ಚರಿತ್ರೆಯೂ ಸಾಕ್ಷಿ ಹೇಳುವುದಿಲ್ಲ. ಸ್ವೀಡನ್ ದೇಶದ ಸಾಬ್ ಎಂಬ ವಿಮಾನದ ಕಾರ್ಖಾನೆಯವರು 1949ರಲ್ಲಿ ತಯಾರಿಸತೊಡಗಿದ ಮೊದಲ ಕಾರಿನ ಎಂಜಿನು ಕೇವಲ 25 ಕುದುರೆಗಳ ಶಕ್ತಿಯದು. ಆದರೆ ಆ ಎಂಜಿನು ಮುಂದಿನ ಚಕ್ರಗಳ ಮೇಲೆ ಕುಳಿತು ಅವನ್ನೇ ತಿರುಗಿಸುತ್ತಿತ್ತು. ಎಳೆಯುವ ಚಕ್ರದ ಮೇಲೆ ಭಾರವಿದ್ದರೆ ಹಿಡಿತವು ಹೆಚ್ಚು. ಎತ್ತಿನ ಗಾಡಿಗೆ ಮೂಟೆ ಹೇರುವಾಗ ಮುಂಭಾರ ಹಿಂಭಾರ ನೋಡುವ ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಆ ಸಂಸ್ಥೆಯ ಕಾರಿನ ವ್ಯವಹಾರವು 2011ರಲ್ಲಿ ದಿವಾಳಿಯಾಗಿ ಮುಗಿಯಿತು. ಆದರೂ ಮುಂದಿನ ಚಕ್ರಗಳು ಎಳೆಯುವ ಅದೇ ಕ್ರಮವು ಈಗಿನ ಸಣ್ಣ ಕಾರುಗಳಲ್ಲೆಲ್ಲ ಬಹುಮಟ್ಟಿಗೆ ರೂಢಿಯಲ್ಲಿದೆ. ಹಿಮವನ್ನು ಬಾಚದ ಹಳ್ಳಿಯ ದಾರಿಯಲ್ಲಿ, ಕಡಿದಾದ ಏರಿನಲ್ಲಿ ಮನೆಯಿರುವವರಿಗೆ ಹಾಗೂ ನಡುರಾತ್ರಿಯಲ್ಲಿ ಕರೆ ಬಂದರೆ ಹೊರಡಲೇಬೇಕಾದ ವೈದ್ಯರಿಗೆ ನಾಲ್ಕು ಚಕ್ರಗಳೂ ಎಳೆಯುವ ಗಾಡಿಯು ಬೇಕಾದೀತು; ಅದನ್ನು ಅಲ್ಲಗಳೆಯುವುದಿಲ್ಲ. ಬೆಳಗಿನ ಜಾವಕ್ಕೆ ಮುಂಚೆಯೇ ಯಂತ್ರಗಳು ಬಂದು ದಾರಿಯನ್ನು ಬಾಚಿ ಉಪ್ಪು ಚೆಲ್ಲಿಹೋಗುವ ನಗರದ ಬೀದಿಗಳಲ್ಲಿ ಕಚೇರಿಗೆ ಹೋಗಿ ಬರುವವರಿಗೆ, ನಾಲ್ಕು ಒಳ್ಳೆಯ ಟೈರುಗಳನ್ನು ತೊಟ್ಟ ಸಣ್ಣ ಕಾರು ಧಾರಾಳವಾಗಿ ಸಾಕು.

ಇನ್ನು ಹಣದ ಮಾತು. ಮಗಳ ಮನೆಗೆ ನಾಲ್ಕು ಮನೆಗಳಾಚೆ ಚನ್ನಗಿರಿಯ ಕಡೆಯ ಒಂದು ಹೊಸ ದಂಪತಿಗಳಿದ್ದರು. ಹುಡುಗನು ಬಂದು ನಾಲ್ಕು ತಿಂಗಳಾಗಿತ್ತು. ಕೂಡಿಟ್ಟುದು 9,000 ಡಾಲರು. ಒಂದು ಶನಿವಾರ ಗಾಡಿಯಂಗಡಿಗೆ ಹೊರಟವನು, "ಮೇಷ್ಟ್ರೇ, ನೀವೂ ಬನ್ನಿ, ಹೊತ್ತು ಹೋದೀತು" ಎಂದು ನನ್ನನ್ನೂ ಕರೆದೊಯ್ದನು. ಅಂಗಡಿಯಾತನು ಬಹಳ ಸಭ್ಯ ಮನುಷ್ಯ; ಕಾಫಿ ಕೊಟ್ಟನು. 32,000 ಡಾಲರುಗಳ ಹೊಳೆಯುವ ಗಾಡಿಯೊಂದನ್ನು ತೋರಿಸಿದನು. ಆತನು ಬೆಲೆಯ ವಿಷಯವನ್ನು ಮಾತನಾಡಲೇ ಇಲ್ಲ. "ತಿಂಗಳಿಗೆ ಎಷ್ಟು ಕೊಡಬಲ್ಲಿರಿ?" ಎಂಬುದೊಂದೇ ಅವನ ಪ್ರಶ್ನೆ. 7,000 ಮುಂಗಡ, ಉಳಿದ 25,000ಕ್ಕೆ ಶೇಕಡಾ 9ರ ಬಡ್ಡಿ, 72 ತಿಂಗಳು, ಕಂತು 451 ಡಾಲರು ಎಂದನು. ಹುಡುಗನ ಮುಖವು ಬಾಡಿದುದನ್ನು ಕಂಡೊಡನೆ, "ಹಾಗಾದರೆ 84 ತಿಂಗಳು ಮಾಡೋಣ, 402 ಆಗುತ್ತದೆ" ಎಂದು, ಏನೋ ಉಪಕಾರ ಮಾಡಿದವನಂತೆ ನಕ್ಕನು.

ಸಂಜೆ ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಮಧ್ಯಮ ಶಾಲೆಯ ಹುಡುಗರಿಗೆ ಬಡ್ಡಿಯ ಲೆಕ್ಕವನ್ನು ಕಲಿಸಿ ಮೂವತ್ತು ವರ್ಷ ಕಳೆದವನಿಗೆ ಇದೊಂದು ವಿನೋದವೇ ಆಯಿತು. ತಿಂಗಳಿಗೆ 451ರಂತೆ 72 ತಿಂಗಳು ಕೊಟ್ಟರೆ ಬಡ್ಡಿಯೇ ಸುಮಾರು 7,450 ಡಾಲರು. 402ರಂತೆ 84 ತಿಂಗಳು ಕೊಟ್ಟರೆ ಬಡ್ಡಿ ಸುಮಾರು 8,790. ತಿಂಗಳಿಗೆ 49 ಡಾಲರು "ಉಳಿಸಿ"ಕೊಟ್ಟ ಉಪಕಾರದ ಬೆಲೆ 1,340 ಡಾಲರು! ಇದಕ್ಕಿಂತಲೂ ಯೋಚಿಸಬೇಕಾದ ಇನ್ನೊಂದು ಅಂಶವುಂಟು. ಏಳು ವರ್ಷದ ಸಾಲದಲ್ಲಿ ಎರಡು ವರ್ಷ ತಪ್ಪದೆ ಕಂತು ಕಟ್ಟಿದರೆ ಕೊಟ್ಟಂತಾಗುವುದು 9,650 ಡಾಲರುಗಳಷ್ಟು. ಆದರೂ ಇನ್ನೂ ಕೊಡಬೇಕಾದ ಅಸಲು 19,380ರಷ್ಟು ಉಳಿದಿರುತ್ತದೆ. ಮೊದಲ ವರ್ಷಗಳಲ್ಲಿ ಕಂತಿನ ಗಣನೀಯ ಪಾಲನ್ನು ಬಡ್ಡಿಯೇ ನುಂಗುವುದೂ, ಗಾಡಿಯ ಬೆಲೆಯು ಅದೇ ವರ್ಷಗಳಲ್ಲಿ ಅತಿ ವೇಗವಾಗಿ ಇಳಿಯುವುದೂ ಕೂಡಿದರೆ, ಮಾರಿದರೂ ಸಾಲ ತೀರದ ಸ್ಥಿತಿಯು ಒದಗಬಹುದು. ಪರದೇಶದಲ್ಲಿ, ಕೆಲಸದ ಮೇಲೆ ರಹದಾರಿಯೂ ರಹದಾರಿಯ ಮೇಲೆ ವಾಸವೂ ನಿಂತಿರುವ ಹುಡುಗನಿಗೆ ಕೆಲಸ ಹೋದರೆ, 60 ದಿನಗಳೊಳಗಾಗಿ ಬೇರೆ ಕೆಲಸ ಹುಡುಕಬೇಕು ಇಲ್ಲವೆ ಹೊರಡಬೇಕೆಂಬ ನಿಯಮವು ಅವರಲ್ಲಿ ಬಹುಮಂದಿಗೆ ಅನ್ವಯಿಸುತ್ತದೆ. ಆಗ ಈ ಬಾಕಿಯು ಕೊರಳಿಗೆ ಕಟ್ಟಿದ ಗುಂಡಿನಂತಾಗುತ್ತದೆ.

ಸಾಲದ ಗಾಡಿಗೆ ಇನ್ನೊಂದು ಗುಪ್ತವೆಚ್ಚವೂ ಉಂಟು. ಸಾಲ ತೀರುವವರೆಗೆ ಸಾಲ ಕೊಟ್ಟವನು, ಗಾಡಿಗೆ ಆಗುವ ನಷ್ಟವನ್ನೆಲ್ಲ ತುಂಬಿಕೊಡತಕ್ಕ ಪೂರ್ಣವಿಮೆಯನ್ನು ಮಾಡಿಸಲೇಬೇಕೆಂದು ಹಟ ಹಿಡಿಯುತ್ತಾನೆ. ಪೂರ್ತಿ ಹಣ ಕೊಟ್ಟು ಕೊಂಡ ಹಳೆಯ ಗಾಡಿಗೆ ಕಾನೂನು ವಿಧಿಸಿರುವ ವಿಮೆಯಷ್ಟನ್ನೇ ಇಟ್ಟುಕೊಳ್ಳುವ ಸ್ವಾತಂತ್ರ್ಯವುಂಟು. ಪರರಿಗೆ ಆಗಬಹುದಾದ ಹಾನಿಯ ವಿಮೆಯನ್ನು ಮಾತ್ರ ಯಾವ ಕಾರಣಕ್ಕೂ ಕೊರೆ ಮಾಡಬಾರದು.

ಕಂತಿನ ಈ ಪದ್ಧತಿಯು ಅಮೆರಿಕನರಿಗೂ ಅನಾದಿಯಾದುದಲ್ಲ. 1919ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯವರು ಗಾಡಿ ಕೊಳ್ಳುವವರಿಗೆ ಸಾಲ ಕೊಡುವುದಕ್ಕೆಂದೇ ಪ್ರತ್ಯೇಕ ಸಂಸ್ಥೆಯನ್ನು ತೆರೆದರು. ಹೆನ್ರಿ ಫೋರ್ಡನಿಗೆ ಸಾಲದ ಮೇಲೆ ಗಾಡಿ ಮಾರುವುದು ರುಚಿಸದೆ, 1923ರಲ್ಲಿ ಬೇರೊಂದು ಕ್ರಮವನ್ನು ತಂದನು: ಕೊಳ್ಳುವವನು ವಾರವಾರವೂ 5 ಡಾಲರುಗಳಂತೆ ಕೂಡಿಡುತ್ತ ಬರುವುದು, ಪೂರ್ತಿ ಹಣ ಸೇರಿದ ದಿನ ಗಾಡಿಯನ್ನು ಒಯ್ಯುವುದು. ಲೆಕ್ಕಕ್ಕೆ ಇದೇ ಸರಿ. ಆದರೆ ಎದುರಿನ ಅಂಗಡಿಯಲ್ಲಿ ಗಾಡಿಯು ಇಂದೇ ಸಿಕ್ಕುವಾಗ ಯಾರು ಕಾಯುತ್ತಾರೆ? ಅವನ ಯೋಜನೆಯು ಬಿದ್ದುಹೋಯಿತು; 1928ರಲ್ಲಿ ಅವನ ಸಂಸ್ಥೆಯೂ ಸಾಲದ ದಾರಿಗೇ ಬಂತು. ನಮ್ಮ ಕೌಟಿಲ್ಯನು ನೂರಕ್ಕೆ ತಿಂಗಳಿಗೆ ಒಂದೂಕಾಲು ಪಣವನ್ನು, ಎಂದರೆ ವರ್ಷಕ್ಕೆ ಶೇಕಡಾ 15ನ್ನು, ಧರ್ಮ್ಯವಾದ ಬಡ್ಡಿಯೆಂದು ಅರ್ಥಶಾಸ್ತ್ರದಲ್ಲಿ ವಿಧಿಸಿದ್ದಾನೆ. ಕಾಡಿನ ದಾರಿಯಲ್ಲಿ ವ್ಯಾಪಾರ ಮಾಡುವವರಿಗೆ ತಿಂಗಳಿಗೆ 10, ಸಮುದ್ರದ ಮೇಲೆ ಹೋಗುವವರಿಗೆ 20 ಪಣಗಳವರೆಗೂ ಒಪ್ಪಿದ್ದಾನೆ. ಸಮುದ್ರವನ್ನು ದಾಟಿದವನು ಹೆಚ್ಚು ಬಡ್ಡಿ ತೆರಬೇಕೆಂಬ ನಿಯಮವು ಈಗಲೂ ಬೇರೊಂದು ರೂಪದಲ್ಲಿ ನಡೆದಿದೆ: ಹೊಸದಾಗಿ ಹೋದವನಿಗೆ ಆ ದೇಶದಲ್ಲಿ ಸಾಲ ತೀರಿಸಿದ ಚರಿತ್ರೆಯಿಲ್ಲದ ಕಾರಣ, ಸ್ಥಳೀಕರಿಗಿಂತ ಹೆಚ್ಚಿನ ದರವನ್ನೇ ಹೇಳುತ್ತಾರೆ.

ಆ ಹುಡುಗನು ಹೊಸ ಗಾಡಿಯನ್ನು ಬಿಟ್ಟು ಹಳೆಯದನ್ನು ಹುಡುಕುವುದೆಂದು ನಿಶ್ಚಯಿಸಿದನು. ಒಂಬತ್ತು ವರ್ಷದ ಟೊಯೋಟ ಕೊರೊಲ್ಲ ಒಂದು 11,000 ಡಾಲರಿಗೆ ಗೊತ್ತಾಯಿತು. ಆಗಿನ ಶೇಕಡಾ 6.5ರ ಮಾರಾಟ ತೆರಿಗೆ 715, ಟೈರುಗಳಿಗೆ 800, ಹೊಸ ಬ್ಯಾಟರಿ 200, ಮೆಕ್ಯಾನಿಕನ ಪರೀಕ್ಷೆಗೆ 150, ಒಟ್ಟು 12,865. ಕೈಯಲ್ಲಿದ್ದುದು 9,000. ಕೊರತೆಯು 4,000ದ ಹತ್ತಿರ, ಆಗಿನ ದರದಲ್ಲಿ ಸುಮಾರು 3,30,000 ರೂಪಾಯಿ. ಇಲ್ಲಿ ಅವನ ತಂದೆಯವರು ಪ್ರವೇಶಿಸಿದರು. ಅಡಕೆ ತೋಟದ ಸಜ್ಜನ ಗೃಹಸ್ಥರು, ದೂರವಾಣಿಯಲ್ಲಿ ನನ್ನನ್ನೇ ಕರೆದು, "ಮೇಷ್ಟ್ರೇ, ಮಕ್ಳು ಹಿಮದಾಗೆ ನಡ್ಕಂಡು ಓಡಾಡೋದು ಅಂದ್ರೇನು? ಅವನ ತಾಯೀದು ಬಂಗಾರ ಐತೆ, ನಾಳೆ ಬ್ಯಾಂಕಿಗೆ ಇಟ್ಟು ಕಳಿಸ್ತೀನಿ, ನೀವು ಅವನಿಗೆ ಒಪ್ಪಿಸ್ರಿ" ಎಂದರು. ಆ ಸ್ವರದಲ್ಲಿದ್ದ ಕಾತರವು ಈಗಲೂ ನನ್ನ ಕಿವಿಯಲ್ಲಿದೆ. ಆದರೂ ನಾನು ಒಪ್ಪಿಸಲಿಲ್ಲ. ಅಲ್ಲಿಯ ಸಾಲವನ್ನು ತಪ್ಪಿಸಲು ಇಲ್ಲಿ ಒಡವೆಯನ್ನು ಒತ್ತೆಯಿಟ್ಟರೆ, ಸಾಲವು ಸಮುದ್ರ ದಾಟಿ ಬಂದಿತೇ ಹೊರತು ಇಲ್ಲವಾಗಲಿಲ್ಲ. ಡಾಲರಿನಲ್ಲಿ ಗಳಿಸುವವನ ಹೆಗಲಿನಿಂದ, ಅಡಕೆಯ ಧಾರಣೆಯನ್ನು ನಂಬಿದ ಅರುವತ್ತು ದಾಟಿದವರ ಹೆಗಲಿಗೆ ಇಳಿಯಿತು, ಅಷ್ಟೆ. "ಯಜಮಾನರೇ, ಮೂರು ತಿಂಗಳು ತಾಳಿ" ಎಂದೆ.

ಆ ಮೂರು ತಿಂಗಳು ಹುಡುಗನು ಅದೇ ದಾರಿಯ ಸಹೋದ್ಯೋಗಿಯ ಗಾಡಿಯಲ್ಲಿ, ಎಣ್ಣೆಯ ಖರ್ಚಿನಲ್ಲಿ ಅರ್ಧ ಕೊಡುತ್ತ, ಕಚೇರಿಗೆ ಹೋಗಿ ಬಂದನು. ವಾರಕ್ಕೊಮ್ಮೆ ನನ್ನ ಅಳಿಯಂದಿರು ಅವರಿಬ್ಬರನ್ನೂ ಅಂಗಡಿಗೆ ಕರೆದೊಯ್ಯುತ್ತಿದ್ದರು. ಆ ಹೆಣ್ಣುಮಗಳಿಗೆ ಮನೆಯೊಳಗೇ ಕುಳಿತು ಬೇಸರವಾಗುತ್ತಿತ್ತೆಂಬುದು ನಿಜ. ಒಂದೆರಡು ಸಂಜೆ ಕಣ್ಣೀರನ್ನೂ ಕಂಡೆವು. ಇಂಥ ಕಾಯುವಿಕೆಯು ಸುಖಕರವೆಂದು ಹೇಳಲಾರೆ. ಮೊದಲು ನೋಡಿದ್ದ ಗಾಡಿಯು ಅಷ್ಟರಲ್ಲಿ ಮಾರಿಹೋಗಿತ್ತು. ಅಂಥದೇ ಇನ್ನೊಂದು ಜನವರಿಯ ಕೊನೆಯಲ್ಲಿ ಅದೇ ಬೆಲೆಗೆ ಸಿಕ್ಕಿತು. ಆ ತಿಂಗಳು ಕೊಳ್ಳುವವರು ಕಡಿಮೆ.

ಹಳೆಯ ಗಾಡಿಯನ್ನು ಆರಿಸುವಾಗ ಹಿಮದೇಶದಲ್ಲಿ ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ತುಕ್ಕು. ದಾರಿಯ ಮೇಲಿನ ಮಂಜುಗಡ್ಡೆ ಕರಗಲೆಂದು ಲೆಕ್ಕವಿಲ್ಲದಷ್ಟು ಉಪ್ಪನ್ನು ಸುರಿಯುತ್ತಾರೆ. ಅದು ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗಿನವರೆಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಡಿಯ ಅಡಿಯ ಕಬ್ಬಿಣವನ್ನು ತಿನ್ನುವ ಕೆಲಸವನ್ನು ಮಾತ್ರ ವರ್ಷವಿಡೀ ಮಾಡುತ್ತದೆ. ಮೇಲೆ ಕನ್ನಡಿಯಂತೆ ಹೊಳೆಯುವ ಗಾಡಿಯು ಅಡಿಯಲ್ಲಿ ಗೆದ್ದಲು ಹಿಡಿದ ತೊಲೆಯಂತೆ ಇರಬಹುದು. ಆದುದರಿಂದ ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕನಿಂದ ಗಾಡಿಯನ್ನು ಮೇಲಕ್ಕೆತ್ತಿಸಿ, ಚೌಕಟ್ಟು, ಬ್ರೇಕಿನ ಎಣ್ಣೆ ಹರಿಯುವ ಕೊಳವೆಗಳು, ಎಣ್ಣೆಯ ತೊಟ್ಟಿಯ ಪಟ್ಟಿಗಳು, ಇವನ್ನು ಪರೀಕ್ಷಿಸಬೇಕು. ಮೇಲ್ಮೈಯ ಕಂದುಬಣ್ಣದಿಂದ ಭಯವಿಲ್ಲ. ಸುತ್ತಿಗೆಯಿಂದ ತಟ್ಟಿದರೆ ಪದರು ಪದರಾಗಿ ಉದುರಿದರೆ ಗಾಡಿಯನ್ನು ಬಿಡಬೇಕು. ಪರೀಕ್ಷೆಗೆ ಒಪ್ಪದ ಮಾರಾಟಗಾರನನ್ನು ಅಲ್ಲಿಯೇ ನಮಸ್ಕರಿಸಿ ಹಿಂದಿರುಗುವುದು. 1981ರಿಂದೀಚೆಗೆ ಅಮೆರಿಕದಲ್ಲಿ ಪ್ರತಿಯೊಂದು ಗಾಡಿಗೂ 17 ಅಕ್ಷರಾಂಕಗಳ ಒಂದು ಗುರುತು ಇರುತ್ತದೆ. ಅದನ್ನು ಹಿಡಿದು ಹಿಂದಿನ ಅಪಘಾತಗಳನ್ನೂ, ತಯಾರಕರು ದೋಷಕ್ಕಾಗಿ ಹಿಂದಕ್ಕೆ ಕರೆದುದನ್ನೂ ತಿಳಿಯಬಹುದು. ಗಾಡಿಯು ಜಾರಿ ತಿರುಗದಂತೆ ತಾನಾಗಿ ತಡೆಯುವ ಯಂತ್ರವು ಅಲ್ಲಿ 2012ರ ಮಾದರಿಯಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತಾದುದರಿಂದ, ಅದಕ್ಕಿಂತ ಹಳೆಯದಕ್ಕೆ ಹೋಗದಿರುವುದು ಲೇಸು. ಕೊರೊಲ್ಲ, ಹೋಂಡ ಸಿವಿಕ್, ಮಜ್ದ 3 ಮುಂತಾದುವು ಗ್ಯಾಲನ್ನಿಗೆ ಸುಮಾರು 30 ಮೈಲಿ ಓಡುವ, ಬಿಡಿಭಾಗಗಳು ಎಲ್ಲೆಡೆ ಸಿಕ್ಕುವ ಗಾಡಿಗಳು.

ಬ್ಯಾಟರಿಯ ವಿಷಯವು ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಮೋಟಾರು ಸಂಘದವರು ಹೇಳುವಂತೆ, ನೀರು ಹೆಪ್ಪುಗಟ್ಟುವ ಶಾಖದಲ್ಲಿ ಬ್ಯಾಟರಿಯ ಶಕ್ತಿಯಲ್ಲಿ ಶೇಕಡಾ 35ರಷ್ಟು, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಶೇಕಡಾ 60ರಷ್ಟು ಕುಗ್ಗುತ್ತದೆ. ಅದೇ ಹೊತ್ತಿನಲ್ಲಿ ಎಂಜಿನಿನ ಎಣ್ಣೆಯು ಜೋನಿಬೆಲ್ಲದಂತೆ ಗಟ್ಟಿಯಾಗಿ ಎಂಜಿನನ್ನು ತಿರುಗಿಸುವುದಕ್ಕೆ ಹೆಚ್ಚು ಶಕ್ತಿ ಬೇಕಾಗುತ್ತದೆ. ಹೀಗೆ ಆದಾಯವು ಇಳಿದಾಗಲೇ ಖರ್ಚು ಏರುವ ಸಂಸಾರದಂತಾಗುವುದರಿಂದ, ಬೇಸಗೆಯಲ್ಲಿ ಚೆನ್ನಾಗಿದ್ದ ಹಳೆಯ ಬ್ಯಾಟರಿಯು ಜನವರಿಯ ಬೆಳಿಗ್ಗೆ ಕೈಕೊಡುತ್ತದೆ. ನಾಲ್ಕೈದು ವರ್ಷ ಕಳೆದ ಬ್ಯಾಟರಿಯನ್ನು ಚಳಿಗೆ ಮುಂಚೆಯೇ ಬದಲಾಯಿಸಬೇಕು. ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿರುವ, ಚಳಿಯಲ್ಲಿ ತೆಳುವಾಗಿಯೇ ಇರುವ ಜಾತಿಯದನ್ನೇ ಹಾಕಿಸಬೇಕು. ಎಂಜಿನನ್ನು ತಂಪುಮಾಡುವ ದ್ರವವನ್ನು ಕುರಿತು ಒಂದು ವಿಚಿತ್ರವುಂಟು. ಎಥಿಲೀನ್ ಗ್ಲೈಕಾಲ್ ಎಂಬ ಆ ದ್ರವ್ಯವು ಒಂಟಿಯಾಗಿದ್ದರೆ ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ನೀರು ಸೊನ್ನೆಯಲ್ಲಿಯೇ ಹೆಪ್ಪುಗಟ್ಟುವುದಷ್ಟೆ. ಎರಡನ್ನೂ ಸಮಸಮವಾಗಿ ಬೆರಸಿದರೆ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಹೆಚ್ಚು ಸುರಿದರೆ ಹೆಚ್ಚು ಕ್ಷೇಮವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ವಿದ್ಯುತ್ತಿನ ಗಾಡಿಯಾಗಬಾರದೇಕೆಂದು ಕೆಲವರು ಕೇಳಬಹುದು. ನಾರ್ವೆಯಂಥ ಚಳಿಯ ದೇಶದಲ್ಲಿ 2024ರಲ್ಲಿ ಮಾರಿದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಅಂಥವೇ. ಮನೆಯಲ್ಲಿಯೇ ವಿದ್ಯುತ್ತು ತುಂಬಿಕೊಳ್ಳುವ ಅನುಕೂಲವಿರುವವರಿಗೆ ಅದು ಚೆನ್ನು. ಬಾಡಿಗೆಯ ವಠಾರದಲ್ಲಿರುವ ಹೊಸಬರಿಗೆ ಆ ಅನುಕೂಲವು ಅಪರೂಪ; ಮೇಲಾಗಿ, 2019ರಲ್ಲಿ ಅದೇ ಮೋಟಾರು ಸಂಘದವರು ಪರೀಕ್ಷಿಸಿದಾಗ, ಸೊನ್ನೆಗಿಂತ 7 ಡಿಗ್ರಿ ಕೆಳಗೆ ಒಳಗಿನ ಶಾಖಯಂತ್ರವನ್ನು ನಡೆಸಿದರೆ ಗಾಡಿಯು ಓಡುವ ದೂರವು ಸರಾಸರಿ ಶೇಕಡಾ 41ರಷ್ಟು ಕಡಿಮೆಯಾಯಿತು. ಪೆಟ್ರೋಲಿನ ಗಾಡಿಗೂ ಚಳಿಯ ತೆರಿಗೆಯುಂಟು: ಅದೇ ಚಳಿಯಲ್ಲಿ ನಗರದೊಳಗಿನ ಓಡಾಟಕ್ಕೆ ಮೈಲಿಯ ಲೆಕ್ಕವು ಶೇಕಡಾ 15ರಷ್ಟು ಇಳಿಯುತ್ತದೆಂದು ಆ ದೇಶದ ಇಂಧನ ಇಲಾಖೆಯು ಹೇಳುತ್ತದೆ, ಮೂರು ನಾಲ್ಕು ಮೈಲಿಗಳ ಬಿಡಿ ಓಡಾಟಗಳಲ್ಲಿ ಶೇಕಡಾ 24ರವರೆಗೂ ಇಳಿಯಬಹುದು. ಅಂಗಡಿ, ಅಂಚೆ, ವೈದ್ಯರ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿಕೊಳ್ಳುವ ಗೃಹಿಣಿಯು ಈ ತೆರಿಗೆಯಲ್ಲಿ ಒಂದಿಷ್ಟನ್ನು ತಪ್ಪಿಸುತ್ತಾಳೆ.

ಕೊಂಡ ಮೇಲೆ ಪಾಲಿಸತಕ್ಕ ಕೆಲವು ಸಂಗತಿಗಳಿವೆ. ಎಣ್ಣೆಯ ತೊಟ್ಟಿಯು ಅರ್ಧಕ್ಕಿಂತ ಇಳಿಯಬಾರದು. ಹಿಂಭಾಗದಲ್ಲಿ ಕಂಬಳಿ, ಸಲಿಕೆ, ಒಂದು ಚೀಲ ಮರಳು, ಕೈದೀಪ ಇರಬೇಕು. ಹಿಮದಲ್ಲಿ ಸಿಕ್ಕಿಬಿದ್ದಾಗ ಚಳಿಗೆಂದು ಎಂಜಿನನ್ನು ನಡೆಸುವುದಕ್ಕೆ ಮೊದಲು ಹೊಗೆಯ ಕೊಳವೆಯ ಬಾಯನ್ನು ತಪ್ಪದೆ ಬಿಡಿಸಬೇಕು. ಅದು ಹಿಮದಿಂದ ಮುಚ್ಚಿದ್ದರೆ ವಾಸನೆಯಿಲ್ಲದ ವಿಷವಾಯುವು ಗಾಡಿಯೊಳಕ್ಕೆ ನುಗ್ಗಿ ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಇದನ್ನು ಮಕ್ಕಳಿಗೆ ಎರಡು ಸಲ ಹೇಳಬೇಕು. ಶಾಖವು ಐದಾರು ಡಿಗ್ರಿ ಇಳಿದಾಗಲೆಲ್ಲ ಟೈರಿನ ಗಾಳಿಯ ಒತ್ತಡವು ಸುಮಾರು ಒಂದು ಪೌಂಡಿನಷ್ಟು ಕುಗ್ಗುವುದರಿಂದ ತಿಂಗಳಿಗೊಮ್ಮೆ ಅಳೆಯುವುದು ಒಳ್ಳೆಯದು. ಚಳಿ ಸ್ವಲ್ಪ ಸಡಿಲಿದ ದಿನ ಗಾಡಿಯ ಅಡಿಯನ್ನು ನೀರಿನಿಂದ ತೊಳೆಸಿ ಉಪ್ಪನ್ನು ಕಳೆಯಬೇಕು.

ಟೈರುಗಳನ್ನು ಅಕ್ಟೋಬರಿನಲ್ಲಿಯೇ ಹಾಕಿಸುವುದು. ಮೊದಲ ಹಿಮ ಬಿದ್ದ ಮಾರನೆಯ ದಿನ ಅಂಗಡಿಯ ಮುಂದೆ ನಮ್ಮ ಜಾತ್ರೆಯಷ್ಟು ಜನ. ಏಪ್ರಿಲಿನಲ್ಲಿ ಚಳಿಯು ಹಿಂದೆಗೆದ ಮೇಲೆ ಅವನ್ನು ಬಿಚ್ಚಿಸಿ ಸಾಮಾನ್ಯ ಟೈರುಗಳನ್ನು ಹಾಕಿಸಬೇಕು, ಏಕೆಂದರೆ ಮೆದು ರಬ್ಬರು ಬಿಸಿನೆಲದ ಮೇಲೆ ಬೇಗನೆ ಸವೆಯುತ್ತದೆ. ಬಿಚ್ಚಿದ ಟೈರುಗಳನ್ನು ತೊಳೆದು ಒರಸಿ, ಯಾವುದು ಯಾವ ಚಕ್ರದ್ದೆಂದು ಸೀಮೆಸುಣ್ಣದಿಂದ ಗುರುತು ಮಾಡಿ, ಬಿಸಿಲು ಬೀಳದ ಕಡೆ ಚೀಲದಲ್ಲಿ ಕಟ್ಟಿಟ್ಟರೆ ಮುಂದಿನ ಮೂರು ನಾಲ್ಕು ಚಳಿಗಾಲಗಳಿಗೆ ಅವೇ ಬರುತ್ತವೆ.